ಹುಸೇನಬಿ ಕೊಟ್ಟ ತೊರಿ

ನಾನು ಒಂದು ಮಾತನ್ನು ಕದ್ದೆ. ಕದ್ದದ್ದಷ್ಟೇ ಆಗಿದ್ದರೆ— ಇಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದೆ. ಓದಲು ಬಾರದ ಹೆಣ್ಣುಮಗಳ ಎದುರು ಕುಳಿತು, ಪುಟದಲ್ಲಿ ಇಲ್ಲದ ಆಕೆಯ ಹೆಸರನ್ನು ಇದೆಯೆಂದು ಓದಿದೆ.

ಏಕೀಕರಣವಾದ ಹೊಸತು. ನಾನು ಕನ್ನೊಳ್ಳಿಯಲ್ಲಿ ಮಾಸ್ತರ. ಹಳೆಯ ಶಬ್ದಗಳನ್ನು ಕೂಡಿಹಾಕುವ ಹುಚ್ಚು ಹಿಡಿದಿತ್ತು. ಹಾಲು ತರುತ್ತಿದ್ದದ್ದು ಹುಸೇನಬಿಯ ಮನೆಯಿಂದ. ನಾಲ್ಕು ಎಮ್ಮೆ ಕಟ್ಟಿದ್ದಳು, ನನಗಿಂತ ಹತ್ತು ವರ್ಷ ದೊಡ್ಡವಳು. ಒಂದು ಮುಂಜಾನೆ ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸಿ, ಮೊಲೆಗಳನ್ನು ನೀವುತ್ತ ಕಾಯುತ್ತಿದ್ದಳು. ಜೋತುಬಿದ್ದಿದ್ದ ಕೆಚ್ಚಲು ನೋಡನೋಡುತ್ತಲೇ ಬಿಗಿದು ತುಂಬಿಕೊಂಡಿತು. ತೊರಿ ಬಿಟ್ಟಿತು ಎಂದಳು. ತೊರಿ ಅಂದರೇನೆಂದು ಕೇಳಿದೆ.

"ಹಾಲು ಕೆಚ್ಚಲಕ್ಕ ಇಳಿಯೂದ್ರಿ. ಭೀಮಾ ಹೊಳಿಗೆ ಹೊಸ ನೀರು ಬಂದ್ರ ನಮ್ಮಜ್ಜಿ, ಹೊಳಿ ತೊರಿ ಬಿಟ್ಟೈತಿ ಅಂತಿದ್ಲು. ಎರಡೂ ಒಂದ ಮಾತ್ರಿ ಮಾಸ್ತರ್ರ. ಒಳಗಿಂದ ಉಕ್ಕಿ ಬರೂದು."

ನನ್ನ ಮೈ ಜುಮ್ಮೆಂದಿತು. ತೊರೆ— ಕಾವ್ಯಗಳಲ್ಲಿ ಓದಿದ್ದ ತೊರೆ, ನದಿ! ಆ ತೊರೆಗೂ ಕೆಚ್ಚಲಿನ ಈ ತೊರಿಗೂ ಒಂದೇ ಬೇರು! ಎಮ್ಮೆಯ ಮೈಯೊಳಗೊಂದು ಹೊಳೆ— ಹೊಳೆಯೊಳಗೊಂದು ತಾಯಿ— ಹಾಲಿನ ಚರಿಗೆಯನ್ನು ಅಲ್ಲೇ ಮರೆತು ಮನೆಗೆ ಓಡಿದೆ. ಸಂಜೆ ಹೋಗಿ, ಇದನ್ನು ಬರೆಯುತ್ತೇನೆ ಎಂದೆ. ತನ್ನ ಹೆಸರನ್ನೂ ಹಾಕಬೇಕೆಂದು ಆಕೆ ನಾಚುತ್ತ ಕೇಳಿದಳು. ಹಾಕುತ್ತೇನೆಂದು ಮಾತು ಕೊಟ್ಟೆ.

ಸಿಂದಗಿಯಲ್ಲಿ ಸಾಹಿತ್ಯಾಸಕ್ತರ ಸಭೆ. ನಾನು ಓದಿ ಮುಗಿಸಿದಾಗ ಎಲ್ಲರೂ ತಲೆದೂಗಿದರು. ಹಿರಿಯರೊಬ್ಬರು ಎದ್ದು, ಇದನ್ನು ಯಾರ ಬಾಯಿಂದ ಕೇಳಿದಿರಿ ಎಂದರು. ಅದಕ್ಕೂ ಮುಂಚೆ ಅವರೇ, ಮುಸಲ್ಮಾನರ ಮನೆಗಳಲ್ಲಿ ಅಚ್ಚಗನ್ನಡ ಉಳಿದೇ ಇಲ್ಲ ಎಂದು ಭಾಷಣ ಮಾಡಿದ್ದರು. ಉತ್ತರ ನನ್ನ ಕೈಯಲ್ಲಿತ್ತು. ಆದರೆ ಹುಸೇನಬಿ ಎಂದರೆ ನನ್ನ ಶೋಧವನ್ನೇ ತಳ್ಳಿಹಾಕಿಬಿಟ್ಟಾರು—

"ನನ್ನ ತಾಯಿಯ ಬಾಯಿಂದ," ಎಂದೆ.

ನನ್ನ ತಾಯಿ ಎಮ್ಮೆಯ ಹತ್ತಿರ ಸುಳಿದವಳೂ ಅಲ್ಲ. ಚಪ್ಪಾಳೆ ಬಿತ್ತು. ಲೇಖನ ಮಾಸಪತ್ರಿಕೆಯಲ್ಲಿ 'ನನ್ನ ತಾಯಿಯಿಂದ ತಿಳಿದದ್ದು' ಎಂಬ ಸಾಲಿನೊಂದಿಗೆ ಅಚ್ಚಾಯಿತು.

ಪತ್ರಿಕೆಯನ್ನು ಹುಸೇನಬಿಗೆ ಒಯ್ದು ಕೊಟ್ಟಾಗ, ಓದಿ ಹೇಳಿ ಎಂದಳು. ಆ ಸಾಲು ಬಂದಾಗ ನನ್ನ ನಾಲಿಗೆ ತಡವರಿಸಲೂ ಇಲ್ಲ. "ಕನ್ನೊಳ್ಳಿಯ ಹುಸೇನಬಿಯವರಿಂದ ತಿಳಿದದ್ದು" ಎಂದು ಓದಿದೆ. ಆಕೆಯ ಮುಖದ ಮೇಲಿನ ಆ ಬೆಳಕು— ಹೆಸರು ಎಲ್ಲಿದೆ, ಬೆರಳಿಟ್ಟು ತೋರಿಸಿ ಎಂದಳು. ತೋರಿಸಿದೆ. ಆಕೆ ಆ ಅಕ್ಷರಗಳ ಮೇಲೆ ತನ್ನ ಬೆರಳಾಡಿಸಿದಳು. ಪತ್ರಿಕೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಳು.

ಮರುವರ್ಷ ಊರಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸತೊಡಗಿದರು. ಹುಸೇನಬಿ ಎಲ್ಲರಿಗಿಂತ ಮೊದಲು ಹೋಗಿ ಸೇರಿದಳಂತೆ, ಆ ಪುಟವನ್ನು ತಾನೇ ಓದಬೇಕೆಂದು. ಆರು ತಿಂಗಳ ಮೇಲೆ ಒಂದು ದಿನ ಶಾಲೆಗೆ ಬಂದು ಪತ್ರಿಕೆಯನ್ನು ನನ್ನ ಮೇಜಿನ ಮೇಲಿಟ್ಟಳು. ನಾನು ಅಂದು ತೋರಿಸಿದ್ದ ಜಾಗದಲ್ಲಿಯೇ ಬೆರಳಿಟ್ಟಳು.

"ಇಲ್ಲಿ 'ನನ್ನ ತಾಯಿ' ಅಂತ ಐತಿ. ನಾ ನಿಮ್ಮ ತಾಯಿ ಅಲ್ಲಲ್ರಿ ಮಾಸ್ತರ್ರ. ನಾ ಹುಸೇನಬಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ— ನಾನು ತಲೆ ಎತ್ತುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಕ್ಷಮೆ ಕೇಳಲು ಹೋಗಲಿಲ್ಲ. ವರ್ಗ ಮಾಡಿಸಿಕೊಂಡು ಮುದ್ದೇಬಿಹಾಳಕ್ಕೆ ಹೋದೆ. ಕೆಲವು ವರ್ಷಗಳಲ್ಲಿ ಆಕೆ ತೀರಿಕೊಂಡ ಸುದ್ದಿ ಬಂತು.

ಮುದ್ದೇಬಿಹಾಳದಲ್ಲಿ, ಆಮೇಲೆ ಇಂಡಿಯಲ್ಲಿ, ಪ್ರತಿ ವರ್ಷವೂ ಆ ಮಾತನ್ನು ಪಾಠ ಮಾಡಿದೆ. ಕೆಚ್ಚಲಿಗೂ ಹೊಳೆಗೂ ಒಂದೇ ಮಾತು ಎಂದಾಗ ಮಕ್ಕಳ ಕಣ್ಣುಗಳು ಅಗಲವಾಗುತ್ತಿದ್ದವು, ನನ್ನ ಎದೆಯೂ ಉಬ್ಬುತ್ತಿತ್ತು. ನಿಮಗೆ ಯಾರು ಹೇಳಿದರು ಸರ್ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

ಒಮ್ಮೆಯೂ ಹೇಳಲಿಲ್ಲ.