ಮೂರನೇ ಎಳನೀರು

ಮೂರನೇ ಎಳನೀರು ಕೈಗೆ ಬಂದಾಗಲೂ ನನಗೆ ಅನುಮಾನ ಬರಲಿಲ್ಲ. ದಬ್ಬೇಘಟ್ಟದ ಹತ್ತಿರದ ಆ ಹಳ್ಳಿಯ ಜನರ ಪ್ರೀತಿಗೆ ಮನಸೋತು, ಜಗಲಿಯ ಮೇಲೆ ಕುಳಿತು ಹೀರುತ್ತಲೇ ಇದ್ದೆ. ಎಂಬತ್ತರ ದಶಕದ ಮಾತು. ಬೆಂಗಳೂರಿನ ಚರ್ಚಿನಿಂದ ನಾವು ನಾಲ್ವರು ಜೀಪಿನಲ್ಲಿ ಬಂದು, ಹೆಣ್ಣುಮಕ್ಕಳನ್ನು ಕರೆದೊಯ್ದು ಮಾರುವವರ ಬಗ್ಗೆ ಊರೂರಲ್ಲಿ ಎಚ್ಚರಿಕೆ ಹೇಳುತ್ತಿದ್ದೆವು. ಅವರು ಒಳ್ಳೆಯ ಬಟ್ಟೆ ತೊಟ್ಟು ಬರುತ್ತಾರೆ, ಮಕ್ಕಳಿಗೆ ತಿಂಡಿ ಕೊಡುತ್ತಾರೆ, ಪಟ್ಟಣದಲ್ಲಿ ಕೆಲಸವಿದೆ ಎನ್ನುತ್ತಾರೆ, ನಂಬಬೇಡಿ ಎಂದು ಅಂದು ಬೆಳಿಗ್ಗೆ ಭಾಷಣ ಬಿಗಿದವನು ನಾನೇ.

ಭಾಷಣ ಮುಗಿದ ಮೇಲೆ, ಮುಂದೆ ಕುಳಿತಿದ್ದ ಚೂಟಿ ಹುಡುಗಿಯೊಬ್ಬಳಿಗೆ ಬಿಸ್ಕತ್ತು ಕೊಟ್ಟೆ. ನಮ್ಮ ಜೊತೆ ಕಳಿಸಿದರೆ ಬೆಂಗಳೂರಿನಲ್ಲಿ ಹೊಲಿಗೆ ಕಲಿಸಿ ಕೆಲಸ ಕೊಡಿಸುತ್ತೇವೆ ಎಂದು ಅವಳ ತಾಯಿಗೆ ಹೇಳಿದೆ.

"ಕೂತ್ಕಳಿ, ಎಳನೀರು ಕುಡ್ಕಂಡು ಹೋಗೀರಂತೆ" ಎಂದಳು ಆಕೆ.

ಮೂರನೆಯದು ಮುಗಿಯುವ ಹೊತ್ತಿಗೆ ತುರುವೇಕೆರೆಯಿಂದ ಪೊಲೀಸ್ ಪೇದೆಯೊಬ್ಬರು ಬಸ್ಸಿಳಿದು ಬಂದರು. ಆಕೆ ನನ್ನತ್ತ ಕೈ ತೋರಿಸಿ, "ಇವ್ರೇ ಕಣ್ರೀ. ಹೆಂಗಿರ್ತಾರೆ ಅಂತ ಬೆಳಗ್ಗೆ ಇವ್ರೇ ಹೇಳ್ಕೊಟ್ರು" ಎಂದಳು.

ಪಾದ್ರಿಯವರ ಪತ್ರ ತೋರಿಸಿ ಹೇಗೋ ಪಾರಾದೆವು. ಜೀಪು ಹತ್ತುವಾಗ ಪೇದೆ ನಗುತ್ತಾ, "ಕಾಯಿ ಬಲ್ತು ಕೊಬ್ರಿ ಆಗ್ಲಿ ಅಂತ ವರ್ಷಗಟ್ಲೆ ಕಾಯೋ ಜನ ಸಾರ್. ತಲೆಗೆ ಮೂರು ಎಳನೀರು ಸುಮ್ನೆ ಕೆಡವ್ತಾರಾ" ಎಂದರು.

ಆ ಪ್ರವಾಸದಲ್ಲಿ ಪ್ರತಿ ಊರಿನಲ್ಲೂ ನನ್ನ ಭಾಷಣಕ್ಕೆ ಚಪ್ಪಾಳೆ ಬಿದ್ದಿತ್ತು. ಅದನ್ನು ನಿಜವಾಗಿ ಕೇಳಿಸಿಕೊಂಡವಳು ಮಾತ್ರ ನನ್ನನ್ನು ಹಿಡಿದುಕೊಟ್ಟ ಆ ತಾಯಿಯೊಬ್ಬಳೇ.