ವಾರಿಜಕ್ಕನ ಅಂಗೈಯಗಲದ ದೇಶ

ವಾರಿಜಕ್ಕನ ಊಟದ ಮೇಜಿನ ಗಾಜಿನಡಿಯಲ್ಲಿ ಇಡೀ ಭಾರತದ ನಕಾಶೆಯಿತ್ತು. ಬೆಳಗಿನ ಹಬೆಯಾಡುವ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಗಸಿ ಎಲ್ಲ ಬರುತ್ತಿದ್ದುದು ಅದರ ಮೇಲೆಯೇ. ಹಬೆಗೆ ಒಮ್ಮೊಮ್ಮೆ ಮಧ್ಯಪ್ರದೇಶ ಪೂರ್ತಿ ಮಸುಕಾಗುತ್ತಿತ್ತು. ತಿಂಡಿ ಮುಗಿದು ಮೇಜು ಒರೆಸಿದ ಮೇಲೆ ಅಕ್ಕ ಬಲಗೈಯನ್ನು ಅಗಲಿಸಿ ನಕಾಶೆಯ ಮೇಲೆ ಊರುತ್ತಿದ್ದರು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಎಷ್ಟು ಸಿಗುತ್ತದೋ ಅಷ್ಟು ಒಂದು ಪ್ರಯಾಣ. ಅದರಾಚೆಯದೆಲ್ಲ ಮುಂದಿನ ಸಲಕ್ಕೆ. ಇದು ಆ ಮನೆಯ ಕಾನೂನು.

ಅವರು ಕಾಸರಗೋಡಿನವರು. ಮದುವೆಯಾಗಿ ಫೋರ್ಟ್ ಕೊಚ್ಚಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ಮಹಡಿಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಿದ್ದರು. ಬ್ಯಾಂಕಿನ ವರ್ಗಾವಣೆಯ ಮೇಲೆ ಮೈಸೂರಿನಿಂದ ಬಂದ ನನಗೆ ಅಡುಗೆಮನೆಯ ಹಿಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಬೀದಿಗೆಲ್ಲ ಅವರು ಚೇಚಿ, ನನಗೆ ಅಕ್ಕ. ಬೆಳಗಿನ ಜಾವ ಅವರು ಪುಟ್ಟಿನ ಹಿಟ್ಟು ಜರಡಿ ಹಿಡಿಯುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಮೊದಮೊದಲು ರೇಗುತ್ತಿತ್ತು. ಆಮೇಲೆ ಆ ಸದ್ದಿಲ್ಲದೆ ಏಳಲು ಬಾರದಂತಾಯಿತು.

ಒಮ್ಮೆ ವಿದೇಶಿ ದಂಪತಿ ಬಂದಿಳಿದರು. ಎರಡೇ ವಾರದಲ್ಲಿ ಕಾಶಿ, ಆಗ್ರಾ, ಜೈಪುರ, ಡಾರ್ಜಿಲಿಂಗ್, ಗೋವಾ ಎಲ್ಲ ಆಗಬೇಕು ಅವರಿಗೆ. ಅಕ್ಕನಿಗೆ ಸಿಟ್ಟು ಬಂತು. ಅಂಗೈಯನ್ನು ರಾಜಸ್ಥಾನದ ಮೇಲೆ ಊರಿ, ಉಳಿದದ್ದನ್ನು ಬಿಡಿ ಎಂದು ತಮ್ಮ ಮುರುಕು ಇಂಗ್ಲಿಷಿನಲ್ಲಿ ಖಡಾಖಂಡಿತವಾಗಿ ಹೇಳಿದರು. ಆ ದಂಪತಿ ಮುಖ ಸಣ್ಣ ಮಾಡಿಕೊಂಡು ಒಪ್ಪಿದರು. ಹೊರಡುವಾಗ ಅಕ್ಕ ಅವರ ಕೈಗೊಂದು ಕೊಡೆ ತುರುಕಿದರು. ಮರಳುಗಾಡಿಗೆ ಕೊಡೆ ಏತಕ್ಕೆ ಎಂದು ನಾನು ನಕ್ಕರೆ, ಕೊಡೆಯಿಲ್ಲದೆ ಈ ಮನೆಯಿಂದ ಯಾರನ್ನೂ ಕಳಿಸಿದ್ದಿಲ್ಲ ಅಂದರು. ವಿಮಾನ ಹತ್ತಲು ಮರಳಿ ಕೊಚ್ಚಿಗೆ ಬಂದಾಗ ಆ ದಂಪತಿಯ ಮಾತು ಮುಗಿಯುತ್ತಲೇ ಇರಲಿಲ್ಲ. ಅತಿಥಿಗಳು ಬಂದು ಹೇಳಬೇಕು, ಅಕ್ಕ ಗಲ್ಲಕ್ಕೆ ಕೈಕೊಟ್ಟು ಕೇಳಬೇಕು. ಎಷ್ಟೋ ವರ್ಷ ಅವರು ದೇಶ ಸುತ್ತಿದ್ದು ಹೀಗೆ. ಸ್ವತಃ ಮಂಗಳೂರು ದಾಟಿದವರಲ್ಲ.

ಹಿಮಾಚಲದಿಂದ ಹಿಂತಿರುಗಿದ ಒಬ್ಬ ವಯಸ್ಸಾದ ಹೆಂಗಸು, ಹಿಮ ಬೀಳುವಾಗ ಸದ್ದೇ ಇರುವುದಿಲ್ಲ ಎಂದಿದ್ದಳಂತೆ. ಹಂಚಿನ ಮಾಡಿನ ಮೇಲೆ ಮಳೆ ಬಡಿಯುವುದನ್ನು ಕೇಳುತ್ತಲೇ ಬೆಳೆದವರಿಗೆ ಅದು ನಂಬುವ ಮಾತೇ? ‘ಸದ್ದಿಲ್ಲದ ಮಳೆಯಂತೆ ಮಾರಾಯ್ತಿ! ಒಂದು ಸಲ ಅದರ ಅಡಿಯಲ್ಲಿ ನಿಲ್ಬೇಕು ನಂಗೆ’ ಎಂದು ಅದೆಷ್ಟು ಸಲ ಹೇಳಿದರೋ. ಆದರೆ ಅಲ್ಲಿ ಹಿಮ ಬೀಳುವ ಕಾಲವೇ ಇಲ್ಲಿ ಅತಿಥಿಗಳ ಕಾಲ. ಪ್ರತಿವರ್ಷವೂ ಮುಂದಿನ ವರ್ಷ ಎನ್ನುತ್ತಲೇ ದಿನ ಕಳೆದವು.

ಕೊನೆಗೆ ಒಂದು ಓಣಂ ಮುಗಿದ ಮೇಲೆ, ಈ ಜನವರಿಯಲ್ಲಿ ಕೋಣೆಗಳಿಗೆ ಬೀಗ ಎಂದು ತೀರ್ಮಾನಿಸಿದರು. ನನ್ನ ಎಲ್‌ಟಿಸಿ ಪ್ರವಾಸರಜೆ ಬಾಕಿಯಿತ್ತು, ನಾನೂ ಜೊತೆಗೆ ಹೊರಡುವುದೆಂದಾಯಿತು. ನನ್ನದು ದುರಾಸೆಯ ಸ್ವಭಾವ. ದಿಲ್ಲಿ, ಆಗ್ರಾ, ಅಮೃತಸರ, ಶಿಮ್ಲಾ ಎಲ್ಲ ಸೇರಿಸಿದೆ. ಇಷ್ಟು ದೊಡ್ಡ ದೇಶ, ಮತ್ತೆ ಯಾವಾಗ ನೋಡುವುದು ಎಂದು ಜಗಳವಾಡಿದೆ.

‘ದೊಡ್ಡದು ಅಂತಲೇ ಹೇಳುದು’ ಎಂದರು ಅಕ್ಕ. ‘ಊರು ನೋಡ್ಲಿಕ್ಕೆ ಹೋಗುದಾ, ರೈಲು ನೋಡ್ಲಿಕ್ಕೆ ಹೋಗುದಾ ನೀನು? ಒಂದು ಊರಲ್ಲಿ ಕೂತುಕೊಳ್ಬೇಕು. ಚಾಯದಂಗಡಿಯವ, ನಿನ್ನೆಯೂ ಬಂದಿದ್ರಲ್ಲಾ ಅಂತ ಕೇಳ್ಬೇಕು. ಆಗ ಹೋದದ್ದಕ್ಕೆ ಸಾರ್ಥಕ.’ ಅಂಗೈ ಹಿಮಾಚಲದ ಮೇಲೆ ಕೂತಿತು. ಒಂದೇ ಒಂದು ಸಣ್ಣ ಊರು ಉಳಿಯಿತು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಡಿಸೆಂಬರಿನಲ್ಲಿ ದೋಣಿಕಟ್ಟೆಯ ಮೆಟ್ಟಿಲಿನ ಮೇಲೆ ಅಕ್ಕ ಉಸಿರು ಸಿಗದೆ ಕೂತುಬಿಟ್ಟರು. ಹೃದಯದ ತೊಂದರೆ ಎಂದು ಊರಿನ ಡಾಕ್ಟರು ತಿರುವನಂತಪುರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಹಿಮಕ್ಕೆಂದು ಹಾಕಿದ್ದ ರಜೆಯಲ್ಲಿ ನಾನು ಅವರ ಮಂಚದ ಪಕ್ಕ ಕೂತೆ. ಬೆಟ್ಟ ಹತ್ತುವ ಮಾತೇ ಬೇಡ, ಇನ್ನು ಯಾವತ್ತೂ ಬೇಡ ಎಂದರು ಡಾಕ್ಟರು. ಅಕ್ಕ ತಲೆಯಾಡಿಸಿ ಗೋಡೆಯ ಕಡೆ ತಿರುಗಿದರು.

ಮರುದಿನ ಬೆಳಿಗ್ಗೆ, ಚಾಲೈ ಬಜಾರಿಗೆ ಹೋಗಿ ಉಣ್ಣೆಯ ಕಾಲುಚೀಲ ತಾ ಎಂದರು. ಬಿಸಿಲಿಗೆ ಬೆವರು ಕಿತ್ತು ಬರುತ್ತಿರುವ ಊರಿನಲ್ಲಿ ಉಣ್ಣೆ ಕೇಳಿದ್ದಕ್ಕೆ ಅಂಗಡಿಯವರು ನನ್ನನ್ನು ಮೇಲೆಕೆಳಗೆ ನೋಡಿದರು. ಯಾವುದೋ ಮೂಲೆಯ ಅಂಗಡಿಯಲ್ಲಿ ಅಂತೂ ಒಂದು ಜೊತೆ ಸಿಕ್ಕಿತು. ಕಾಲು ತಣ್ಣಗಾಗುತ್ತಿರಬಹುದು ಎಂದುಕೊಂಡು ಹೊದಿಕೆ ಸರಿಸಿ ತೊಡಿಸಲು ಹೋದೆ. ಅಕ್ಕ ಕಾಲು ಹಿಂದಕ್ಕೆ ಎಳೆದುಕೊಂಡರು.

‘ನಂಗೆ ಎಂತಕ್ಕೆ? ನಿನ್ನ ಕಾಲಿಗೆ ಸರಿಯಾಗ್ತದಾ ನೋಡು. ನೀನು ಹೋಗು. ಬಂದು ನಂಗೆ ಹೇಳು.’

ಹೂಂ ಎಂದೆ. ಆ ಸಂಜೆ ಅವರ ತಮ್ಮ ಕಾಸರಗೋಡಿನಿಂದ ಬಂದರು, ನಾನು ಕೊಚ್ಚಿಯ ರೈಲು ಹತ್ತಿದೆ. ಮನೆಗೆ ಕರೆದುಕೊಂಡು ಬರುವ ಮಾತು ನಡೆದಿರುವಾಗಲೇ ಅಕ್ಕ ಹೋಗಿಬಿಟ್ಟರು.

ಮುಂದಿನ ಜನವರಿಯಲ್ಲಿ ಅದೇ ಸಣ್ಣ ಊರಿಗೆ ಹೋದೆ. ಬಾಗಿಲ ಹಿಂದೆ ಉಳಿದಿದ್ದ ಅವರ ಕಪ್ಪು ಕೊಡೆಯನ್ನೂ ಒಯ್ದೆ. ಬೇರೆಲ್ಲಿಗೂ ಹೋಗಲಿಲ್ಲ. ಮೂರನೆಯ ಬೆಳಿಗ್ಗೆ ಹಿಮ ಸುರಿಯತೊಡಗಿತು. ಅಂಗಳದಲ್ಲಿ ನಿಂತೆ. ನಿಜವೇ, ಏನೂ ಕೇಳಿಸಲಿಲ್ಲ. ಕೋಟಿನ ಕತ್ತುಪಟ್ಟಿಯೊಳಗೆ ತಣ್ಣಗೆ ಇಳಿಯತೊಡಗಿದ್ದರಿಂದ ಕೊಡೆ ಬಿಚ್ಚಿದೆ. ಆಗ ಕೇಳಿಸಿತು. ಬಟ್ಟೆಯ ಮೇಲೆ ಸಣ್ಣಗೆ, ಒಂದೇ ಸಮ, ಅಡುಗೆಮನೆಯಲ್ಲಿ ಯಾರೋ ಪುಟ್ಟಿನ ಹಿಟ್ಟು ಜರಡಿ ಹಿಡಿಯುತ್ತಿರುವ ಹಾಗೆ.

ಸದ್ದು ಇರುತ್ತದೆ ಅಕ್ಕ, ಕೊಡೆ ಹಿಡಿದರೆ ಇರುತ್ತದೆ ಎಂದು ಹೇಳಬೇಕು, ಈಗಲೇ ಫೋನು ಮಾಡಬೇಕು ಎಂದು ಸಂಭ್ರಮದಿಂದ ಕೋಟಿನ ಜೇಬಿಗೆ ಕೈಹಾಕಿದೆ. ಫೋನು ಕೈಗೆ ಬಂದ ಮೇಲೆ ನೆನಪಾಯಿತು.