ಕೆಂಜೆತಾಯ್ ಮಾವನ ಬಾಸ್, ನನ್ನ ಮೂರನೆಯ ಕೇಳಿಕೆ

ನನ್ನ ಸೋದರಮಾವ ಕೆಂಜೆತಾಯ್ ಮೂವತ್ತೊಂದು ವರ್ಷ ತಾಮ್ರದ ಕಾರ್ಖಾನೆಯಲ್ಲಿ ಪಂಪುಗಳನ್ನು ನೋಡಿಕೊಂಡರು. ಅಷ್ಟೂ ವರ್ಷ ಶನಿವಾರಗಳಂದು ಬಾಸ್ ಗಿಟಾರ್ ನುಡಿಸಿದರು. ಮೊದಲನೆಯ ಸಂಗತಿ ಬಾಲ್ಖಾಶ್ ಊರಿಗೆಲ್ಲ ಗೊತ್ತು. ಎರಡನೆಯದು, ಅವರನ್ನು ವೇದಿಕೆಯ ಮೇಲೆ ಐವತ್ತು ಸಲ ಕಂಡವರಿಗೂ ನೆನಪಿಲ್ಲ.

"ಹಾಡೋನನ್ನ ಜನ ನೋಡ್ತಾರೆ, ಡ್ರಮ್ ಬಾರಿಸೋನನ್ನ ಮಕ್ಕಳು ನೋಡ್ತಾರೆ," ಎನ್ನುತ್ತಿದ್ದರು ಮಾವ. "ನನ್ನ ಕಡೆ ಯಾರೂ ತಿರುಗಲ್ಲ. ನಾನು ನಿಲ್ಲಿಸಿದರೆ ಮಾತ್ರ ಎಲ್ಲರೂ ತಲೆ ಎತ್ತಿ ದೀಪ ನೋಡ್ತಾರೆ, ಕರೆಂಟ್ ಹೋಯ್ತೇನೋ ಅಂತ."

ಮದುವೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೂ ಇದೇ ಉತ್ತರ ಕೊಡುತ್ತಿದ್ದರು.

ಅವರ ಬ್ಯಾಂಡಿನ ಹೆಸರು 'ತೋಲ್ಕಿನ್', ಅಂದರೆ ಅಲೆ. ಕೆರೆಯ ದಡದ ಊರಾದ್ದರಿಂದ ಬೇರೆ ಹೆಸರು ಹೊಳೆಯಲಿಲ್ಲವಂತೆ. ವಿತ್ಯಾ ಎಂಬ ಜರ್ಮನ್ ವಂಶದ ವೆಲ್ಡರ್ ಹಾಡುತ್ತಿದ್ದ, ಗಿಟಾರ್ ಹಿಡಿಯುತ್ತಿದ್ದ. ಮರ್ಗುಲಾನ್ ಎಂಬ ಎಲೆಕ್ಟ್ರಿಷಿಯನ್ ಡ್ರಮ್ಸ್ ಬಾರಿಸುತ್ತಿದ್ದ. ಕಾರ್ಖಾನೆಯ ಸಂಸ್ಕೃತಿ ಭವನದ ನೆಲಮಾಳಿಗೆಯಲ್ಲಿ ಅಭ್ಯಾಸ, ನೌರುಜ್ ಹಬ್ಬಕ್ಕೂ ಕಾರ್ಮಿಕರ ದಿನಕ್ಕೂ ಕಾರ್ಯಕ್ರಮ. ಸಂಬಳವಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಮೂವರಿಗೂ ಒಂದೊಂದು ತಟ್ಟೆ ಮಾಂಸದ ಊಟ.

ಮಾವನ ಬದುಕಿನಲ್ಲಿ ಮೂರು ಬಾಸ್‌ಗಳಿದ್ದವು. ಮೊದಲನೆಯದು ಸೋವಿಯತ್ ಕಾಲದ್ದು, ಸಂಸ್ಕೃತಿ ಭವನದವರು ಹಳತಾಯಿತೆಂದು ಹೊರಗೆ ಹಾಕಿದ್ದು. ಅದರ ತೂಕಕ್ಕೆ ಎಡ ಭುಜ ಇಳಿದುಹೋಗಿ, ಇವತ್ತಿಗೂ ಅವರ ಕೋಟು ಒಂದು ಕಡೆ ಜೋತುಬೀಳುತ್ತದೆ. ಬಾಸ್‌ನ ಕತ್ತೂ ಬಾಗಿತ್ತು. ಪಂಪು ಮನೆಯ ಎರಡು ಬಿಸಿನೀರಿನ ಕೊಳವೆಗಳ ನಡುವೆ ಸಿಕ್ಕಿಸಿ ಮೂರು ದಿನ ಬಿಟ್ಟರೆ ನೆಟ್ಟಗಾಗುತ್ತದೆ ಎಂದು ಲೆಕ್ಕ ಹಾಕಿದರು. ನೆಟ್ಟಗೇನೋ ಆಯಿತು. ನಾಲ್ಕನೆಯ ದಿನ ಎರಡು ತುಂಡೂ ಆಯಿತು.

ಎರಡನೆಯದು ಕೆಂಪು ಬಣ್ಣದ ಚೆಕ್ ದೇಶದ್ದು, ವಿತ್ಯಾನ ಅಣ್ಣನದು. ಆ ಮನೆಯವರೆಲ್ಲ ಜರ್ಮನಿಗೆ ಹೊರಟಾಗ ಸಾಮಾನಿನ ತೂಕಕ್ಕೆ ಮಿತಿ ಇತ್ತು: ಬಾಸ್ ಒಯ್ಯಬೇಕು, ಇಲ್ಲವೇ ಅಮ್ಮನ ಹೊಲಿಗೆ ಯಂತ್ರ ಒಯ್ಯಬೇಕು. ಹೊಲಿಗೆ ಯಂತ್ರ ಹೋಯಿತು. ವಿತ್ಯಾನೂ ಹೋದ, ಬ್ಯಾಂಡಿನಲ್ಲಿ ಮಾವ, ಮರ್ಗುಲಾನ್ ಇಬ್ಬರೇ ಉಳಿದರು. ಬಾಸ್‌ಗೆ ಬದಲಾಗಿ ಮಾವ ದಾರಿಯ ಬುತ್ತಿಗೆಂದು ಒಂದು ಚೀಲ ಹೊಗೆ ಹಾಕಿದ ಮೀನು ಕೊಟ್ಟರಂತೆ. ಆ ವಾಸನೆ ಫ್ರಾಂಕ್‌ಫರ್ಟ್‌ವರೆಗೂ ಬಂತೆಂದು ವಿತ್ಯಾ ಕಾಗದ ಬರೆದಿದ್ದ.

ಮೂರನೆಯದನ್ನು ಕೊಂಡಾಗ ನಾನು ಜೊತೆಯಲ್ಲಿದ್ದೆ. ನನಗೆ ಹದಿನೇಳು ವರ್ಷ. ಕಾಲೇಜಿಗೆ ಸೇರಲು ಅಲ್ಮಾಟಿಗೆ ಹೋಗಬೇಕಿತ್ತು, ಅಮ್ಮ ಮಾವನನ್ನು ಜೊತೆಗೆ ಕಳಿಸಿದ್ದಳು. ಅಂಗಡಿಯಲ್ಲಿ ಗೋಡೆ ತುಂಬ ಬಾಸ್‌ಗಳು ನೇತಾಡುತ್ತಿದ್ದವು. ಮಾರುವ ಹುಡುಗಿ ಹೊಳೆಯುವ ನೀಲಿ ಬಾಸೊಂದನ್ನು ಇಳಿಸಿ ಆಂಪ್ಲಿಫಯರಿಗೆ ವೈರು ಸಿಕ್ಕಿಸಹೊರಟಳು. ಮಾವ ತಡೆದರು.

"ಬೇಡಮ್ಮ. ಅದಕ್ಕೆ ಸಿಕ್ಕಿಸಿದರೆ ನಮ್ಮನೆ ಬಾಗಿಲೂ ಚೆನ್ನಾಗೇ ಕೇಳಿಸುತ್ತೆ."

ಒಂದು ಸ್ಟೂಲಿನ ಮೇಲೆ ಕೂತು, ಬಾಸ್‌ನ ಮೇಲಂಚಿಗೆ ಗಲ್ಲ ಒತ್ತಿ, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಒಮ್ಮೆ ಮೀಟಿ ಕಣ್ಣು ಮುಚ್ಚಿದರು. ಪಂಪುಗಳ ಸದ್ದಿನಲ್ಲಿ ಕಿವಿ ಅರ್ಧ ಹೋಗಿತ್ತು. ಹಾಗಾಗಿ ಹಲ್ಲಿನಲ್ಲಿ ಕೇಳುತ್ತಿದ್ದರು. ಹೀಗೆ ಒಂಬತ್ತು ಬಾಸ್‌ಗಳಿಗೆ ಗಲ್ಲ ಕೊಟ್ಟು, ಕೊನೆಗೆ ಮೂಲೆಯಲ್ಲಿದ್ದ, ಯಾರೋ ಬಳಸಿ ಮಾರಿದ್ದ, ತಲೆಯ ಹತ್ತಿರ ಸಿಗರೇಟಿನ ಸುಟ್ಟ ಗುರುತಿದ್ದ ಕಂದು ಬಣ್ಣದ್ದನ್ನು ಎತ್ತಿಕೊಂಡರು. ಅದನ್ನು ಮೀಟಿ ಬಹಳ ಹೊತ್ತು ಗಲ್ಲ ತೆಗೆಯಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ಹೇಗಿದೆಯೇ ಅಕ್ಮರಾಲ್?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಗಾಬರಿಯಾಗಿ, "ಬೇಡ, ಬೇಡ, ಏನೂ ಹೇಳಬೇಡ! ನೀನು 'ಚೆನ್ನಾಗಿದೆ, ನಂಗೆ ಬೇಕು' ಅಂದುಬಿಟ್ಟರೆ ಇಲ್ಲೇ ನಿನಗೆ ಕೊಟ್ಟು ಬರಿಗೈಲಿ ರೈಲು ಹತ್ತಬೇಕಾಗುತ್ತೆ!" ಎಂದರು.

ಅವರು ಹಾಗೆ ಹೆದರಲು ಕಾರಣವಿತ್ತು. ನಾನು ಅವರಿಗೆ ಜಿಯೆನ್, ಅಕ್ಕನ ಮಗಳು. ಜಿಯೆನ್ ಆದವಳು ಸೋದರಮಾವನ ಬಳಿ ಬಾಯಿಬಿಟ್ಟು ಮೂರು ಸಲ ಏನು ಬೇಕಾದರೂ ಕೇಳಬಹುದು. ಮಾವ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದರೆ ಕೈ ನಡುಗುವ ರೋಗ ಬರುತ್ತದೆಂದು ನಮ್ಮಲ್ಲಿ ನಂಬುತ್ತಾರೆ. ಬಾಸ್ ನುಡಿಸುವವನಿಗೆ ಇದಕ್ಕಿಂತ ದೊಡ್ಡ ಭಯ ಯಾವುದಿದೆ? ಆರು ವರ್ಷದವಳಿದ್ದಾಗ ನಾನು ಅವರ ನರಿಚರ್ಮದ ಟೋಪಿ ಕೇಳಿದ್ದೆ. ಆ ಚಳಿಗಾಲವೆಲ್ಲ ಮಾವ ಅಜ್ಜಿಯ ಶಾಲು ಸುತ್ತಿಕೊಂಡು ಕೆಲಸಕ್ಕೆ ಹೋಗಿ, ಕಾರ್ಖಾನೆಯಲ್ಲಿ 'ಮುದುಕಿ' ಎಂದು ಅಡ್ಡಹೆಸರು ಪಡೆದರು. ನನ್ನ ಮದುವೆಯ ಸಮಯದಲ್ಲಿ ಅಮ್ಮ ನನ್ನ ತೊಡೆ ಚಿವುಟಿ ಅವರ ಗೋಡೆಗೆ ತೂಗುಹಾಕಿದ್ದ ರತ್ನಗಂಬಳಿ ಕೇಳಿಸಿದಳು. ಒಂದು ಉಳಿದಿತ್ತು. ಅಲ್ಲಿಂದ ಮುಂದೆ ನಾನು ಅವರ ಮನೆ ಬಾಗಿಲು ತಟ್ಟಿದರೆ ಒಳಗಿಂದ ಕೂಗು ಕೇಳುತ್ತಿತ್ತು, "ತಡಿಯೇ, ಬಾಸ್ ಬಚ್ಚಿಡ್ತೀನಿ!"

ಹೋದ ನವೆಂಬರಿನಲ್ಲಿ ಮರ್ಗುಲಾನ್ ಮಂಡಿನೋವಿಗೆ ಸೋತು, ಡ್ರಮ್ಸ್ ಮಾರಿ, ಕೊಸ್ತನಾಯ್‌ನಲ್ಲಿದ್ದ ತಂಗಿಯ ಮನೆಗೆ ಹೋಗಿಬಿಟ್ಟ. ನೆಲಮಾಳಿಗೆಯ ಕೋಣೆಯಲ್ಲಿ ಹೆಂಗಸರ ವ್ಯಾಯಾಮದ ತರಗತಿ ಶುರುವಾಯಿತು. ಮಾವ ಆಂಪ್ಲಿಫಯರನ್ನು ಮಗುವಿನ ಜಾರುಬಂಡಿಯ ಮೇಲೆ ಕಟ್ಟಿಕೊಂಡು ಹಿಮದ ಮೇಲೆ ಎಳೆದು ಮನೆಗೆ ತಂದರು. ಜಾರುಬಂಡಿ ನಮ್ಮದು, ನನ್ನ ಮಗಳು ಇಂಜುವಿನದು.

ಆಮೇಲೂ ಶನಿವಾರ ನುಡಿಸುತ್ತಿದ್ದರು. ಅವರ ಮನೆಯ ಮೆಟ್ಟಿಲು ಹತ್ತುವಾಗ ನನಗೆ ಕೇಳುತ್ತಿತ್ತು. ಹಾಡಿಲ್ಲದ, ಡ್ರಮ್ಸ್ ಇಲ್ಲದ ಬರೀ ಬಾಸ್. ನಡುವೆ ನಿಲ್ಲಿಸುತ್ತಿದ್ದರು. ಎಣಿಸಿದರೆ ಸರಿಯಾಗಿ ನಾಲ್ಕು ಏಟಿನಷ್ಟು ಮೌನ. ಅದು ಮರ್ಗುಲಾನ್ ಒಬ್ಬನೇ ಬಾರಿಸುತ್ತಿದ್ದ ಜಾಗ. ಅವನ ಜಾಗವನ್ನು ಅವನಿಗೇ ಬಿಟ್ಟು ಮಾವ ಮತ್ತೆ ಮುಂದುವರಿಸುತ್ತಿದ್ದರು.

ನನ್ನ ಗಂಡ ಸಂಜಾರ್ ಎಣ್ಣೆ ಬಾವಿಯಲ್ಲಿ ದುಡಿಯುತ್ತಾನೆ. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಅವನಿಲ್ಲದ ತಿಂಗಳುಗಳಲ್ಲಿ ನಾನು ಮಗುವಿನ ಜೊತೆ ಮಾತಾಡಿ ಮಾತಾಡಿ ಸಾಕಾಗಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಆದ್ದರಿಂದ ಆ ನಾಲ್ಕು ಏಟಿನ ಮೌನ ನನಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಇಂಜುವಿಗೆ ಹಾಲು ಕುಡಿಸುತ್ತ ಫೋನು ನೋಡುತ್ತಿದ್ದೆ. ಊರಿನ ಜಾಹೀರಾತುಗಳ ಪುಟದಲ್ಲಿ, ತೊಟ್ಟಿಲು, ಚಳಿಗಾಲದ ಟಯರುಗಳ ನಡುವೆ ಆ ಕಂದು ಬಾಸ್ ಇತ್ತು. ಕೆಳಗೆ ಹೀಗೆ ಬರೆದಿತ್ತು: "ಬಾಸ್ ಗಿಟಾರ್, ಸುಸ್ಥಿತಿಯಲ್ಲಿದೆ. ಮಾರಲು ಕಾರಣ: ಒಬ್ಬರೇ ನುಡಿಸುವಂಥದ್ದಲ್ಲ."

ಫೋನ್ ಮಾಡಿದೆ. ಮಾವ ಏನೂ ಆಗಿಲ್ಲವೆಂಬಂತೆ, "ಹೂಂ, ಗಿರಾಕಿ ಸಿಕ್ಕಿದಾನೆ. ಭಾನುವಾರ ಹನ್ನೊಂದಕ್ಕೆ ಜೆಜ್‌ಕಜ್ಗಾನ್‌ನಿಂದ ಬರ್ತಾನೆ," ಎಂದರು.

ಭಾನುವಾರ ಹತ್ತು ಗಂಟೆಗೆ ಮಗುವನ್ನು ಎತ್ತಿಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಯಾರೂ ಏನನ್ನೂ ಬಚ್ಚಿಡಲಿಲ್ಲ. ಬಾಸ್ ಹಾಸಿಗೆಯ ಮೇಲೆ ತೆರೆದ ಪೆಟ್ಟಿಗೆಯಲ್ಲಿ ಮಲಗಿತ್ತು. ನಾಲ್ಕು ತಂತಿಗಳೂ ಹೊಚ್ಚ ಹೊಸವು.

"ಮಾರೋದಕ್ಕೆ ಹೊಸ ತಂತಿ ಯಾಕೆ ಮಾವ?"

"ಹೆಣ್ಣನ್ನ ಹರಕು ಬಟ್ಟೇಲಿ ಕಳಿಸ್ತಾರೇನೇ? ಕೂತ್ಕೋ. ಚಹಾ ಹಾಕ್ತೀನಿ."

ನಾನು ಕೂರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಕೇಳಿಬಿಡುತ್ತೇನೆ, ಗಿರಾಕಿ ವಾಪಸ್ ಹೋಗುತ್ತಾನೆ, ಬಾಸ್ ಇಲ್ಲೇ ಇರುತ್ತದೆ, ಮಾವ ನುಡಿಸಿಕೊಂಡಿರುತ್ತಾರೆ. ಎಷ್ಟು ಸುಲಭ! "ಮಾವ, ನನ್ನದೊಂದು ಉಳಿದಿದೆ," ಎಂದೆ.

ಮಾವ ಚಹಾ ಸುರಿಯುತ್ತಲೇ ತಲೆಯಾಡಿಸಿದರು. "ಕೇಳಬೇಡ ಕಣೇ."

"ಆ ಬಾಸ್ ನನಗೆ ಬೇಕು."

ಮಾವ ಕೆಟಲ್ ಕೆಳಗಿಟ್ಟರು. ಕೈ ತೊಳೆದು ಒರೆಸಿಕೊಂಡರು. ಪೆಟ್ಟಿಗೆ ಮುಚ್ಚಿ, ಎರಡೂ ಚಿಲಕ ಹಾಕಿ, ಎರಡೂ ಕೈಯಲ್ಲಿ ಎತ್ತಿ ನನ್ನ ಮುಂದಿಟ್ಟು, "ಒಳ್ಳೇದಾಗಲಿ, ಬಳಸಿಕೊಂಡು ಸುಖವಾಗಿರು," ಎಂದು ಹರಸುವಾಗ ಮಾಡುವಂತೆ ಮುಖಕ್ಕೆ ಅಂಗೈ ಸವರಿಕೊಂಡರು. ಆಮೇಲೆ ಗಿರಾಕಿಗೆ ಫೋನ್ ಮಾಡಿದರು. ಕಿವಿ ಮಂದವಾದ್ದರಿಂದ ಅವರ ಫೋನು ಇಡೀ ಕೋಣೆಗೆ ಕೇಳುತ್ತದೆ.

"ತಮ್ಮಾ, ಕ್ಷಮಿಸಬೇಕು. ಜಿಯೆನ್ ಬಂದು ಕೇಳಿಬಿಟ್ಟಳು."

ಆ ಕಡೆ ಕಾರಿನ ಸದ್ದು, ಒಂದು ನಿಟ್ಟುಸಿರು. "ಜಿಯೆನ್ನಾ? ಅಯ್ಯೋ ಅಣ್ಣ, ಹಾಗಾದರೆ ಮಾತೇ ಇಲ್ಲ ಬಿಡಿ. ಮುಕ್ಕಾಲು ದಾರಿ ಬಂದಿದ್ದೆ, ತಿರುಗಿಸ್ಕೊಂಡು ಹೋಗ್ತೀನಿ. ನನ್ನ ಟ್ರ್ಯಾಕ್ಟರನ್ನೂ ಹೀಗೇ ಅಕ್ಕನ ಮಗ ಹೊಡ್ಕೊಂಡು ಹೋದ."

ನಾನು ಗೆದ್ದ ಖುಷಿಯಲ್ಲಿ, "ಸರಿ ಮಾವ, ಈಗ ಇದು ನನ್ನದು. ಇಲ್ಲೇ ಇರಲಿ, ನೀವೇ ನುಡಿಸ್ಕೊಂಡಿರಿ," ಎಂದೆ.

ಅವರು ನನ್ನನ್ನು ಪರಕೀಯಳಂತೆ ನೋಡಿದರು. "ನಿನ್ನ ವಸ್ತು ನನ್ನ ಮನೇಲಿ ಯಾಕಿರಬೇಕು? ಜಿಯೆನ್‌ಗೆ ಕೊಟ್ಟು ಮತ್ತೆ ಇಟ್ಕೊಂಡ ಅನ್ನಿಸ್ಕೊಳ್ಳಲಾ ಈ ವಯಸ್ಸಲ್ಲಿ? ತಗೊಂಡು ಹೋಗು."

ಬೆನ್ನಿಗೆ ಬಾಸ್, ಎದೆಗೆ ಮಗು ಕಟ್ಟಿಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದು ಕರಗಂಡದಲ್ಲಿರುವ ಅಮ್ಮನಿಗೆ ಫೋನ್ ಮಾಡಿದರೆ ಅವಳು ಬೈದಳು. "ಅಯ್ಯೋ ಹುಚ್ಚೀ! ಟೋಪಿ ಕೊಟ್ಟ ಮೇಲೆ ಯಾವತ್ತಾದರೂ ಆ ಟೋಪೀನ ಮುಟ್ಟಿದ್ನಾ ನನ್ನ ತಮ್ಮ? ಕೊಟ್ಟು ಇಸ್ಕೊಳ್ಳೋಕೆ ಅದೇನು ಪಕ್ಕದ ಮನೆ ಸೌಟಾ?"

ಬಾಸ್ ನಮ್ಮ ಮನೆಯಲ್ಲಿ ಹೀಟರಿನ ಪಕ್ಕ ನಿಂತಿತು. ಎರಡು ವಾರ ಮಾವ ಬರಲಿಲ್ಲ. ಮೂರನೆಯ ವಾರ ಹಿಟ್ಟು ಕಲಸಿ ಬೌರ್ಸಕ್ ಕರಿದು ತೆಗೆದುಕೊಂಡು ನಾನೇ ಹೋದೆ. ಟಿವಿ ಹಾಕಿತ್ತು, ಸದ್ದು ತೆಗೆದಿತ್ತು. ಆಂಪ್ಲಿಫಯರಿನ ಮೇಲೆ ಒಗೆದ ಕಾಲುಚೀಲಗಳು ಒಣಗುತ್ತಿದ್ದವು.

"ಕೋಪಾನಾ ಮಾವ?"

"ಜಿಯೆನ್ ಮೇಲೆ ಕೋಪ ಮಾಡ್ಕೊಂಡರೂ ಕೈ ನಡುಗುತ್ತಂತೆ. ಇಲ್ಲಮ್ಮ." ಒಂದು ಬೌರ್ಸಕ್ ಮುರಿದು ಅರ್ಧ ನನ್ನ ಕೈಗಿಟ್ಟರು. "ಆ ಜೆಜ್‌ಕಜ್ಗಾನ್‌ನವನಿಗೆ ಬ್ಯಾಂಡ್ ಇದೆ. ಐದು ಜನ. ಇಬ್ಬರು ಹಾಡ್ತಾರೆ, ಕೀಬೋರ್ಡೂ ಇದೆಯಂತೆ. ಅದಕ್ಕೇ ಅವನಿಗೆ ಕೊಡೋಣ ಅಂತಿದ್ದೆ. ಅಲ್ಲಿ ಅದಕ್ಕೆ ಜೊತೆ ಸಿಗ್ತಿತ್ತು."

ನಾನು ಬಾಸ್‌ಗೆ ಸಿಗಲಿದ್ದ ಜೊತೆ ತಪ್ಪಿಸಿದ್ದೆ. ಮಾವನಿಂದ ಬಾಸನ್ನೂ ತಪ್ಪಿಸಿದ್ದೆ. ಒಂದೇ ಮಾತಿನಲ್ಲಿ ಎರಡು ಕೆಲಸ. ಜೆಜ್‌ಕಜ್ಗಾನ್‌ನವನಿಗೆ ಆ ಸಂಜೆಯೇ ಫೋನ್ ಮಾಡಿದೆ. ಅವನು ಆಗಲೇ ಬೇರೊಂದನ್ನು ಕೊಂಡಿದ್ದ. "ಆದರೂ ಅಕ್ಕ, ಮಾವ ಕೊಟ್ಟದ್ದನ್ನ ಮಾರಬಾರದು," ಎಂದು ನನಗೇ ಬುದ್ಧಿ ಹೇಳಿದ.

ಅತ್ತರೆ ಏನೂ ಸರಿಹೋಗುವುದಿಲ್ಲ, ಮಗುವಿಗೆ ಹಾಲು ಮಾತ್ರ ತಡವಾಗುತ್ತದೆ. ಕೊಟ್ಟದ್ದನ್ನು ಅವರು ವಾಪಸ್ ಪಡೆಯುವುದಿಲ್ಲ, ಅವರ ಮನೆಯಲ್ಲಿ ಇರಿಸಿಕೊಳ್ಳುವುದೂ ಇಲ್ಲ. ಆದರೆ ನನ್ನ ಸಾಮಾನು ಹೊತ್ತುಕೊಂಡು ಅವರ ಮನೆಗೆ ಹೋಗಬೇಡವೆಂದು ಯಾವ ಕಟ್ಟಳೆಯೂ ಇಲ್ಲವಲ್ಲ!

ಮುಂದಿನ ಭಾನುವಾರ ಎದೆಗೆ ಮಗು, ಬೆನ್ನಿಗೆ ಬಾಸ್. ಮಾವ ಬಾಗಿಲು ತೆಗೆದು ಹುಬ್ಬು ಗಂಟಿಕ್ಕಿದರು. "ಇದನ್ಯಾಕೆ ತಂದೆ?"

"ಹೀಟರಿನ ಪಕ್ಕ ಒಬ್ಬಂಟಿ ಬಿಟ್ಟರೆ ಮರ ಒಣಗುತ್ತಂತೆ ಮಾವ." ಪೆಟ್ಟಿಗೆ ತೆರೆದು ಬಾಸ್ ಹೊರತೆಗೆದು ಅವರ ಮುಂದೆ ಚಾಚಿದೆ. "ಒಂದು ನಿಮಿಷ ಹಿಡ್ಕೊಂಡಿರಿ. ಮಗೂಗೆ ಸೆಖೆ ಆಗುತ್ತೆ, ಬಟ್ಟೆ ಬಿಚ್ಚಬೇಕು."

ಯಾರಾದರೂ ಕೈ ತುಂಬ ಮಗು ಇಟ್ಟುಕೊಂಡು ಹಿಡಿದುಕೊಳ್ಳಿ ಎಂದರೆ ಇಲ್ಲ ಎನ್ನಲಾಗದು. ಹಿಡಿದುಕೊಂಡರು. ಬೇರೆಯವರ ಮನೆಯ ಗಾಜಿನ ಸಾಮಾನಿನಂತೆ ನೆಟ್ಟಗೆ, ತಂತಿಗೆ ಬೆರಳು ತಾಗದಂತೆ. ನಾನು ಗುಂಡಿಗಳನ್ನು ಒಂದೊಂದಾಗಿ, ಮೆಲ್ಲಗೆ ಬಿಚ್ಚಿದೆ. ಇಂಜು ಒದ್ದಾಡಿದಳು. ಆ ದಿನ ಅಷ್ಟೇ.

ಎರಡನೆಯ ಭಾನುವಾರ ಮಾವ ಸುಮ್ಮನೆ ನಿಂತಿರಲಾರದೆ, "ಶ್ರುತಿ ಇಳಿದುಹೋಗಿದೆ. ಹೀಗಾ ಒಂದು ಬಾಸ್ ಇಟ್ಕೊಳ್ಳೋದು? ನಿನಗೆ ಕೊಟ್ಟಿದ್ದೇ ತಪ್ಪಾಯ್ತು," ಎಂದು ಗೊಣಗುತ್ತ ಬಿರಡೆ ತಿರುಗಿಸಿದರು. ನಾನು ಮಗುವಿನ ಕಾಲುಚೀಲ ಬಿಚ್ಚಿದವಳು ಅವರು ನೋಡದಿದ್ದಾಗ ಮತ್ತೆ ಹಾಕಿ, ಮತ್ತೆ ಬಿಚ್ಚಿದೆ.

ಐದನೆಯ ಭಾನುವಾರ ಆಂಪ್ಲಿಫಯರಿನ ಮೇಲೆ ಕಾಲುಚೀಲಗಳಿರಲಿಲ್ಲ.

ಈಗ ಏಪ್ರಿಲ್. ಕೆರೆಯ ಮೇಲಿನ ಮಂಜುಗಡ್ಡೆ ಒಡೆದು ದಡಕ್ಕೆ ಬಂದು ಬಿದ್ದಿದೆ, ಬೀದಿಯಲ್ಲಿ ಮಕ್ಕಳು ಟೋಪಿ ತೆಗೆದು ಓಡಾಡುತ್ತಿದ್ದಾರೆ. ನಾನು ಮಾತ್ರ ಭಾನುವಾರ ಇಂಜುವಿಗೆ ಎರಡು ಸ್ವೆಟರ್, ಅದರ ಮೇಲೊಂದು ಅಂಗಿ, ಅದರ ಮೇಲೆ ಕೋಟು ಹಾಕಿ ಹೊರಡುತ್ತೇನೆ. ನಿನ್ನೆಯೂ ಹೋಗಿದ್ದೆ. ಮಾವ ಕಿಟಕಿಯ ಕಡೆ ಮುಖ ಮಾಡಿ ನುಡಿಸುತ್ತಿದ್ದರು. ಇಂಜು ಬೆವತು ಕೆಂಪಾಗಿ ನನ್ನ ಮಡಿಲಲ್ಲಿ ಕೂತು ಕೇಳುತ್ತಿದ್ದಳು. ನಾನು ಎರಡನೆಯ ಸ್ವೆಟರಿನ ಮೂರನೆಯ ಗುಂಡಿಯಲ್ಲಿದ್ದೆ.

ತಿರುಗದೆಯೇ ಕೇಳಿದರು, "ಎಷ್ಟು ಬಟ್ಟೆ ಹಾಕ್ತೀಯೇ ಆ ಮಗೂಗೆ? ಬಿಚ್ಚಿ ಮುಗಿಯೋದೇ ಇಲ್ಲವಲ್ಲ."

"ಹೊರಗೆ ಗಾಳಿ ಇದೆ ಮಾವ."

"ಹೂಂ, ಗಾಳಿ ಇದೆ," ಎಂದು ನುಡಿಸುವುದನ್ನು ಮುಂದುವರಿಸಿದರು.